ನಮ್ಮ ಹೊಳೆಗೆ ಬಂದ ಯೂನಿವರ್ಸಿಟಿಯವರಿಗೆ ಮೂರೂವರೆ ಸ್ಟಾರ್

ನಮ್ಮದು ಆರು ಟೇಬಲ್ಲಿನ ಮೀನೂಟದ ಹೋಟೆಲ್. ಕುಮಟಾ ತಾಲ್ಲೂಕಿನಲ್ಲಿ, ಹೆದ್ದಾರಿ ಬಿಟ್ಟು ಅಘನಾಶಿನಿ ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿದೆ. ಹೊರಗಿನಿಂದ ಬಂದವರು ಊಟ ಮುಗಿಸಿ, ತೊಳೆದ ಕೈ ಒಣಗುವ ಮೊದಲೇ ಮೊಬೈಲಿನಲ್ಲಿ ಸ್ಟಾರ್ ಒತ್ತುತ್ತಾರೆ. ಒಬ್ಬರು ಎರಡೇ ಸ್ಟಾರ್ ಕೊಟ್ಟು "ಬಳಚಿನ ಸುಕ್ಕದಲ್ಲಿ ಮರಳು ಸಿಕ್ಕಿತು, ಫ್ಯಾನ್ ಕಿರ್ರ್ ಅನ್ನುತ್ತದೆ" ಎಂದು ಬರೆದಿದ್ದರು. ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪಿಕಲ್ಲು. ಫ್ಯಾನಿನ ಮಾತು ನಿಜ. ಮರಳಿನ ಮಾತು ಆಮೇಲೆ ಹೇಳುತ್ತೇನೆ.

ಎಲ್ಲರೂ ನಮಗೆ ಮಾರ್ಕ್ಸ್ ಹಾಕುವಾಗ ನಾವೂ ಒಮ್ಮೆ ಹಾಕಬಹುದು ಅಲ್ವಾ? 2022ರ ನವೆಂಬರಿನಿಂದ ಎರಡೂವರೆ ವರ್ಷ ಒಂದು ಯೂನಿವರ್ಸಿಟಿಯ ತಂಡ ನಮ್ಮ ಹೊಳೆಗೆ ಬಂದು ಹೋಗಿ ಮಾಡಿತು. ನೀರು ನೋಡಿದರು, ಕೆಸರು ತೂಗಿದರು, ಬಳಚು ಎಣಿಸಿದರು, ನಮ್ಮನ್ನೂ ಎಣಿಸಿದರು. ಊಟ ನಮ್ಮಲ್ಲೇ. ದೋಣಿ ನಮ್ಮ ಭಾವನವರದ್ದು. ಹೊಳೆಯ ದಾರಿ ತೋರಿಸಿದ್ದು ನಮ್ಮ ಅತ್ತೆ. ಹಾಗಾಗಿ ಅವರ ಕೆಲಸ ಹೇಗಿತ್ತು ಎಂದು ಹೇಳಲು ನನಗೆ ಹಕ್ಕಿದೆ ಅಂದುಕೊಂಡಿದ್ದೇನೆ. ಯಾವ ಯೂನಿವರ್ಸಿಟಿ ಎಂದು ಕೇಳಬೇಡಿ. ಬೈಗುಳವೂ ಇರುವುದರಿಂದ ಹೆಸರು ಬೇಡ.

ಮೊದಲೇ ಒಂದು ಮಾತು. ಓದಿದವರು ಬಂದು ಏನೂ ಮಾಡಲ್ಲ ಎನ್ನುವ ಪೈಕಿ ನಾನಲ್ಲ. ಅಘನಾಶಿನಿ ಸಿರ್ಸಿ ಘಟ್ಟದಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟು ಕಟ್ಟಿಸಿಕೊಳ್ಳದೆ ಸಮುದ್ರಕ್ಕೆ ಬಂದು ಬೀಳುವ ಹೊಳೆ. ಇದರ ಅಳಿವೆಯಲ್ಲಿ ಎಷ್ಟು ಚಿಪ್ಪಿಕಲ್ಲು ಸಿಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಹಳ ಹಿಂದೆಯೇ ಲೆಕ್ಕ ಹಾಕಿದ್ದರು. ವರ್ಷಕ್ಕೆ ಸುಮಾರು 22 ಸಾವಿರ ಟನ್, ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಕೆಲಸ. ಹೊಳೆಯ ಬಾಯಲ್ಲಿರುವ ತದಡಿಗೆ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂಬ ಸುದ್ದಿ ಇದ್ದ ಕಾಲ ಅದು. "ಅಲ್ಲಿ ಬರೀ ಕೆಸರು, ಎಂತ ಹಾಳಾಗ್ತದೆ?" ಎಂದವರ ಮುಂದೆ ಇಡಲು ನಮ್ಮವರ ಹತ್ತಿರ ಒಂದು ಅಂಕಿ ಇತ್ತು. ಅಂಕಿಗೆ ಬೆಲೆ ಇದೆ ಎಂದು ನನಗೆ ಗೊತ್ತು. ಹೋಟೆಲ್ ನಡೆಸುವವಳು ನಾನು.

ಆದರೆ ಈ ತಂಡದ ಆರಂಭ ಚೆನ್ನಾಗಿರಲಿಲ್ಲ. ಮೊದಲ ದಿನ ಬಂದವರು ಟೇಬಲ್ಲಿನ ಮೇಲೆ ಒಂದು ಕಟ್ಟು ಕಾಗದ ಇಟ್ಟರು. 14 ಪುಟದ ಫಾರ್ಮ್. ಮನೆಯಲ್ಲಿ ಎಷ್ಟು ಜನ, ಎಷ್ಟು ಆಡು, ಟಿವಿ ಇದೆಯೋ, ಸಾಲ ಎಷ್ಟು. ಒಂಬತ್ತನೇ ಪುಟದಲ್ಲಿ ಈ ಪ್ರಶ್ನೆ ಇತ್ತು, ನಾನು ಫೋಟೋ ತೆಗೆದಿಟ್ಟಿದ್ದೇನೆ: "ಹವಾಮಾನ ವೈಪರೀತ್ಯಗಳ ಎದುರು ನಿಮ್ಮ ಕುಟುಂಬದ ಸ್ಥಿತಿಸ್ಥಾಪಕತ್ವವನ್ನು 1ರಿಂದ 5ರ ಮಾಪನದಲ್ಲಿ ಸೂಚಿಸಿ."

ಅತ್ತೆ ನನ್ನ ಮುಖ ನೋಡಿದರು. ನಾನು ಮಗನ ಮುಖ ನೋಡಿದೆ. ಅವನು ಆಗ ಪಿಯುಸಿ ಸೈನ್ಸ್. "ಅಮ್ಮ, ಇದು ಫಿಸಿಕ್ಸಿನಲ್ಲಿ ಬರ್ತದೆ. ರಬ್ಬರ್ ಎಳೆದು ಬಿಟ್ಟರೆ ಮತ್ತೆ ಮೊದಲಿನ ಹಾಗೆ ಆಗ್ತದಲ್ಲ, ಅದು" ಎಂದ.

"ನಾನೆಂತ ರಬ್ಬರಾ, ಎಳೆದು ಬಿಡೂಕೆ?" ಅಂದರು ಅತ್ತೆ.

ತಂಡದಲ್ಲಿ ಹಾವೇರಿ ಕಡೆಯ ಒಬ್ಬಳು ಹುಡುಗಿ ಇದ್ದಳು. ಪಿಎಚ್‌ಡಿ ಮಾಡುವವಳು. ಸಮುದ್ರ ನೋಡಿದ್ದೇ ಎಂಎಸ್‌ಸಿಗೆ ಸೇರಿದ ಮೇಲಂತೆ. ಅವಳು ನಗು ತಡೆಯಲಾಗದೆ ಫಾರ್ಮನ್ನು ಪಕ್ಕಕ್ಕೆ ಸರಿಸಿದಳು. "ಅದನ್ನ ಬಿಡ್ರಿ ಆಯಿ. ಆ ವರ್ಷ ನೆರಿ ಬಂದಾಗ ಏನ್ ಮಾಡಿದ್ರಿ, ಅದನ್ನ ಹೇಳ್ರಿ" ಎಂದಳು.

ಅತ್ತೆ ಒಂದೂವರೆ ಗಂಟೆ ಹೇಳಿದರು. 2021ರ ಜುಲೈ. ಮೂರು ದಿನ ಬಿಡದ ಮಳೆ, ಅಡಿಗೆ ಮನೆಗೆ ಬಂದ ನೀರು, ಅಟ್ಟಕ್ಕೆ ಹತ್ತಿಸಿದ ಅಕ್ಕಿ, ಶಾಲೆಯಲ್ಲಿ ಮಲಗಿದ ರಾತ್ರಿ. ನೀರು ಇಳಿದ ಮೇಲೆ ಹೊಳೆಗೆ ಹೋದರೆ ಕಾಲಿಗೆ ಸಿಕ್ಕಿದ್ದೆಲ್ಲ ಬಾಯಿ ಬಿಟ್ಟ ಬಳಚು, ನಾತ. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಸೊಸೈಟಿಯಲ್ಲಿ ಬಳೆ ಅಡವಿಟ್ಟಿದ್ದು, ಮಗಳು ಗೇರುಬೀಜದ ಫ್ಯಾಕ್ಟರಿಗೆ ಹೋಗಿದ್ದು. ಹೊಳೆ ಬದಿಯ ಉಪ್ಪು ಗದ್ದೆಗೆ ಗಜನಿ ಎನ್ನುತ್ತೇವೆ, ಅದರಲ್ಲಿ ಕಗ್ಗ ಭತ್ತ ಹಾಕಿದವರದ್ದು ಮಾತ್ರ ಉಪ್ಪು ನೀರು, ನೆರೆ ನೀರು ಎರಡನ್ನೂ ತಡೆದುಕೊಂಡು ತಲೆ ಎತ್ತಿದ್ದು. ಹುಡುಗಿ ಬರೆದುಕೊಂಡಳು. 1ರಿಂದ 5 ಎಂದು ಕೇಳಲಿಲ್ಲ. ಅವತ್ತು ಅವಳಿಗೆ ಒಂದು ಬಂಗುಡೆ ಫ್ರೈ ಜಾಸ್ತಿ ಹಾಕಿದೆ.

ಈ ತಂಡದ ಸ್ಟಾರುಗಳಲ್ಲಿ ಒಂದು ಪೂರ್ತಿ ಆ ಹುಡುಗಿಯದು. ಬೇರೆಯವರು ಇಳಿತದ ಹೊತ್ತು ನೋಡದೆ ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದು, ಭರತದ ನೀರು ನೋಡಿ, ಚಹಾ ಕುಡಿದು ವಾಪಸ್ ಹೋಗಿದ್ದಿದೆ. ಭರತ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಂದೆ ಬೀಳುತ್ತಾ ಹೋಗುತ್ತದೆ. ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆಫೀಸಿನ ಟೈಮಿಗೆ ಹೊಳೆ ಖಾಲಿಯಾಗುವುದಿಲ್ಲ. ಈ ಹುಡುಗಿ ಮಾತ್ರ ಎರಡನೇ ತಿಂಗಳಿಗೇ ಅಮಾವಾಸ್ಯೆ ಹುಣ್ಣಿಮೆ ಲೆಕ್ಕ ಕಲಿತಳು. ಬೆಳಗಿನ ಜಾವ ಐದಕ್ಕೆ ಅತ್ತೆಯ ಹಿಂದೆ ಸೊಂಟದ ಮಟ್ಟದ ನೀರಿನಲ್ಲಿ ನಿಂತಿರುತ್ತಿದ್ದಳು. ಅತ್ತೆ ಕಾಲ್ಬೆರಳಿನಲ್ಲೇ ಬಳಚು ಹುಡುಕುತ್ತಾರೆ. ಕೆಸರಿನೊಳಗೆ ಬೆರಳು ಆಡಿಸಿ, "ಇಲ್ಲಿ ಸಣ್ಣದು, ಮುಂದೆ ಹೋಗು" ಎನ್ನುತ್ತಾರೆ. ಹುಡುಗಿ ಪೈಪಿನ ಚೌಕ ಇಟ್ಟು, ಅದರೊಳಗಿನ ಕೆಸರು ತೆಗೆದು, ಜರಡಿ ಹಿಡಿದು, ಒಂದೊಂದನ್ನೂ ಅಳತೆಕಡ್ಡಿಯಲ್ಲಿ ಅಳೆದು, ಕೊನೆಗೆ ಹೇಳುತ್ತಿದ್ದಳು: "ಹೌದ್ರಿ ಆಯಿ, ಸಣ್ಣವ ಅದಾವು."

ಅತ್ತೆಗೆ ಅದರಲ್ಲಿ ಭಾರೀ ಖುಷಿ. "ನನ್ನ ಕಾಲು ಎರಡು ಸೆಕೆಂಡು, ಅವಳ ಮಿಶಿನ್ನು ಎರಡು ತಾಸು."

ಈಗ ಸಾಮಾನುಗಳ ವಿಷಯ. ಅವರು ತಂದ ಸಾಮಾನಿನಲ್ಲಿ ನನಗೆ ಇಷ್ಟವಾದದ್ದು ಒಂದೇ. ಉಪ್ಪು ನೋಡುವ ಕೊಳವೆ. ರಿಫ್ರಾಕ್ಟೋಮೀಟರ್ ಎನ್ನುತ್ತಾರೆ. ಸಣ್ಣ ಟಾರ್ಚಿನಷ್ಟು ಉದ್ದ. ತುದಿಯಲ್ಲಿ ಓರೆ ಗಾಜು, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳ ಎತ್ತಿ ಎರಡು ಹನಿ ಹೊಳೆ ನೀರು ಬಿಡಬೇಕು, ಗುಳ್ಳೆ ಇರದ ಹಾಗೆ ಮುಚ್ಚಬೇಕು, ಬೆಳಕಿನ ಕಡೆ ತಿರುಗಿಸಿ ಒಂದು ಕಣ್ಣಿನಲ್ಲಿ ನೋಡಬೇಕು. ಒಳಗೆ ಒಂದು ದುಂಡು ಬಿಂಬ ಕಾಣುತ್ತದೆ. ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಎಲ್ಲಿ ನಿಂತಿದೆಯೋ ಅದೇ ಉಪ್ಪಿನ ಅಂಕಿ. ಸಾವಿರಕ್ಕೆ ಇಷ್ಟು ಎಂದು. ತೆರೆದ ಸಮುದ್ರದಲ್ಲಿ 35ರ ಆಸುಪಾಸು. ನಮ್ಮ ಹೊಳೆಯಲ್ಲಿ ಮೇ ತಿಂಗಳಿಗೆ 30 ದಾಟುತ್ತದೆ. ಜೋರು ಮಳೆಗಾಲದಲ್ಲಿ ಗೆರೆ ಕೆಳಗೆ ಬಂದು ಬಂದು ಸೊನ್ನೆಯ ಹತ್ತಿರ ಕೂತುಬಿಡುತ್ತದೆ. ಬ್ಯಾಟರಿ ಬೇಡ, ಸಿಗ್ನಲ್ ಬೇಡ. ನೋಡಿದ ಮೇಲೆ ಸಿಹಿ ನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಒಂದು ಕೊಳವೆಯನ್ನು ನನ್ನ ಹತ್ತಿರವೇ ಬಿಟ್ಟರು. ಭರತಕ್ಕೆ ಒಂದು ಸಲ, ಇಳಿತಕ್ಕೆ ಒಂದು ಸಲ ನೋಡಿ ಬರೆಯುವ ಕೆಲಸ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದೆ. ಸುಮ್ನೆ ಒಪ್ಪಿಕೊಂಡದ್ದು, ಆಮೇಲೆ ಚಟವಾಯಿತು. 2023ರ ಮಳೆಗಾಲದಲ್ಲಿ ಅಂಕಿ ಬೀಳುವುದನ್ನು ದಿನಾ ನೋಡುವಾಗ ಹಿಂದಿನ ನೆರೆಯಲ್ಲಿ ಏನಾಗಿತ್ತು ಎಂದು ಅರ್ಥವಾಯಿತು. ಬಳಚಿಗೆ ಉಪ್ಪು ಕಡಿಮೆಯಾದರೆ ಅದು ಚಿಪ್ಪು ಮುಚ್ಚಿಕೊಂಡು ಕಾಯುತ್ತದೆ. ಎರಡು ದಿನವಾದರೆ ಸರಿ. ಸಿಹಿ ನೀರು ದಿನಗಟ್ಟಲೆ ನಿಂತರೆ ಎಷ್ಟೂಂತ ಬಾಯಿ ಮುಚ್ಚಿರಲು ಸಾಧ್ಯ? ಅಳಿವೆಯ ಬಾಯಿಯ ಕಡೆಗೆ ಸಮುದ್ರದ ನೀರು ಬಂದು ಹೋಗುವುದರಿಂದ ಅಲ್ಲಿಯವು ಉಳಿಯುತ್ತವೆ. ಮೇಲಿನ ದಂಡೆಯವು ಮೊದಲು ಹೋಗುತ್ತವೆ. ಅತ್ತೆಗೆ "ಮೇಲಿಂದು ಸಾಯ್ತದೆ, ಕೆಳಗಿಂದು ಉಳೀತದೆ" ಎಂದು ಮೊದಲೇ ಗೊತ್ತಿತ್ತು. ಯಾಕೆ ಎಂದು ಗೊತ್ತಿದ್ದದ್ದು ಹುಡುಗಿಗೆ. ಇಬ್ಬರದ್ದೂ ನನ್ನ ಹಾಲಿನ ಪುಸ್ತಕದಲ್ಲಿ ಸೇರಿತು.

ಇನ್ನು ಮರಳಿನ ಮಾತು. ಬಳಚನ್ನು ಉಪ್ಪು ನೀರಿನಲ್ಲಿ ರಾತ್ರಿ ಹಾಕಿಟ್ಟರೆ ಮರಳು ಉಗುಳುತ್ತದೆ. ಇದು ನಮ್ಮ ಅಡಿಗೆ ಮನೆಯ ಹಳೇ ಪಾಠ. ಸಿಹಿ ನೀರಿನಲ್ಲಿ ಹಾಕಿದರೆ ಬಾಯಿಯೇ ತೆರೆಯುವುದಿಲ್ಲ. ಆ ಎರಡು ಸ್ಟಾರಿನ ದಿನ ಹೊಸದಾಗಿ ಸೇರಿದ ಕೆಲಸದ ಹುಡುಗ ನಲ್ಲಿ ನೀರಿನಲ್ಲಿ ಹಾಕಿಟ್ಟಿದ್ದ. ತಪ್ಪು ನಮ್ಮದೇ. ಇದನ್ನು ಹೇಳಿದಾಗ ತಂಡದ ಮೇಡಂ "ಹಾಗಾದರೆ ಇನ್ನೊಂದು ತೋರಿಸ್ತೇನೆ" ಎಂದು ಚಕ್ಕುಲಿ ಹಾಕಿಡುವ ಎರಡು ಗಾಜಿನ ಭರಣಿ ಕೇಳಿದರು. ಎರಡಕ್ಕೂ ಒಂದೇ ಕೊಡದ ಹೊಳೆ ನೀರು, ಕದಡಿದ್ದು. ಒಂದರಲ್ಲಿ ಮಾತ್ರ ಇಪ್ಪತ್ತು ಬಳಚು. ಕ್ಯಾಶ್ ಟೇಬಲ್ ಮೇಲೆ ಇಟ್ಟು ಹೋದರು.

ಹನ್ನೆರಡೂವರೆಗೆ ಇಟ್ಟದ್ದು. ಊಟದ ಗಲಾಟೆಯಲ್ಲಿ ನಾನು ಮರೆತೇಬಿಟ್ಟೆ. ಮೂರು ಗಂಟೆಗೆ ಚಿಲ್ಲರೆ ಎಣಿಸಲು ಕೂತಾಗ ನೋಡುತ್ತೇನೆ, ಬಳಚಿನ ಭರಣಿಯ ಆಚೆ ಕಡೆಯ ಕ್ಯಾಲೆಂಡರ್ ಕಾಣುತ್ತಿದೆ. ಇನ್ನೊಂದರಲ್ಲಿ ಚಹಾದ ಬಣ್ಣದ ನೀರು ಹಾಗೇ ಇದೆ. ಒಬ್ಬ ಲಾರಿ ಡ್ರೈವರ್ ಅಣ್ಣ "ಕೆಸರು ತಾನಾಗೇ ಕೆಳಗೆ ಕೂರ್ತದೆ ಅಕ್ಕಾ, ಇದರಲ್ಲಿ ಏನಿದೆ?" ಎಂದ. "ಅದಕ್ಕೇ ಎರಡು ಭರಣಿ" ಎಂದೆ. ಆ ಉತ್ತರ ನನ್ನ ಬಾಯಲ್ಲಿ ಬಂದದ್ದು ನನಗೇ ಆಶ್ಚರ್ಯ. ಬಳಚು ತಿನ್ನುವುದೇ ನೀರು ಸೋಸಿ. ನೀರು ಒಳಗೆ ಎಳೆದು, ಅದರಲ್ಲಿರುವ ಸಣ್ಣ ಪಾಚಿ ಪುಡಿ ಹಿಡಿದು, ಉಳಿದ ನೀರು ಹೊರಗೆ. ಮೇಲೆ ಪೇಟೆಯ ಗಲೀಜು ಹೊಳೆಗೆ ಬಿಟ್ಟರೆ ಅದೂ ಬಳಚಿನ ಹೊಟ್ಟೆಗೇ ಬರುತ್ತದೆ, ಆಮೇಲೆ ನಮ್ಮ ತಟ್ಟೆಗೆ. ಇದನ್ನು ಪಂಚಾಯಿತಿಯ ಸಭೆಯಲ್ಲಿ ಎರಡು ಭರಣಿ ಇಟ್ಟುಕೊಂಡೇ ಹೇಳಿದೆವು. ಮೇಡಮ್ಮಿಗೆ ಇದಕ್ಕೆ ಒಂದು ಸ್ಟಾರ್. ಭರಣಿ ಮಾತ್ರ ಒಂದು ಒಡೆಯಿತು.

ಇನ್ನು ಬೈಯುವ ಜಾಗ.

2023ರ ಜೂನಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಕಾರ್ಯಕ್ರಮ ಇಟ್ಟರು. ತಂಡದ ದೊಡ್ಡ ಸರ್ ಬಂದಿದ್ದರು, ಬ್ಯಾನರ್ ಬಂದಿತ್ತು, ಬಿಳಿ ಟೋಪಿ ಹಾಕಿದ ಐವತ್ತು ಕಾಲೇಜು ಮಕ್ಕಳು. ಕಾಂಡ್ಲಾದ ಬೀಜ ನೋಡಿದ್ದೀರಲ್ಲ, ಮರದಲ್ಲೇ ಮೊಳೆತು ನುಗ್ಗೆಕಾಯಿಯ ಹಾಗೆ ನೇತಾಡುತ್ತದೆ. ಅದನ್ನು ಕೆಸರಿಗೆ ಚುಚ್ಚಿದರೆ ಸಾಕು. ಚುಚ್ಚುವುದು ಎಲ್ಲಿ ಎನ್ನುವುದೇ ಪ್ರಶ್ನೆ. ಅವರು ಆರಿಸಿದ್ದು ಇಳಿತದಲ್ಲಿ ತೆರೆದುಕೊಳ್ಳುವ ಬಯಲು ದಂಡೆ. ಫೋಟೋಗೆ ಚೆಂದ. ಆದರೆ ಅದು ಬಳಚಿನ ದಂಡೆ.

ಅತ್ತೆ ಮುಂದೆ ಹೋಗಿ ಹೇಳಿದರು. "ಸರ್, ಇಲ್ಲಿ ಬೇಡ. ಇಲ್ಲಿ ನೀರು ಜೋರು, ನಿಲ್ಲೂದಿಲ್ಲ. ನಿಂತ್ರೆ ನಮಗೆ ಬಳಚಿಲ್ಲ. ಗಜನಿ ಕಟ್ಟೆ ಬದಿಗೆ ನೆಡಿ, ಕಟ್ಟೆನೂ ಉಳೀತದೆ." ದೊಡ್ಡ ಸರ್ "ಆಯ್ತಮ್ಮಾ, ಖಂಡಿತ" ಎಂದು ಕೈ ಮುಗಿದರು. ಕೈ ಮುಗಿದು ಅಲ್ಲೇ 400 ನೆಟ್ಟರು. ಮರುದಿನ ಪೇಪರಿನಲ್ಲಿ ಬಂತು. ಹಾವೇರಿಯ ಹುಡುಗಿ ಅವತ್ತು ಊಟಕ್ಕೆ ಬರಲಿಲ್ಲ. ನಾಚಿಕೆ ಆಗಿತ್ತಂತೆ.

ಆಗಸ್ಟ್ ಮುಗಿಯುವಾಗ ನಾನೂ ಅತ್ತೆಯೂ ಎಣಿಸಿದೆವು. ನಿಂತಿದ್ದು 31. ಅದರಲ್ಲೂ ಕೆಲವಕ್ಕೆ ಚಿಪ್ಪು ಅಂಟಿಕೊಂಡು ಬಗ್ಗಿ ಹೋಗಿದ್ದವು. ಈ ಅಂಕಿಯನ್ನೂ ಹಾಲಿನ ಪುಸ್ತಕದಲ್ಲಿ ಬರೆದು ತಂಡಕ್ಕೆ ಕಳಿಸಿದೆ. ಎರಡು ತಿಂಗಳು ಉತ್ತರವಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಒಂದು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ಆದರೆ ದೀಪಾವಳಿ ಕಳೆದ ಮೇಲೆ ಮೇಡಂ ಬಂದರು. ದೇವಸ್ಥಾನದ ಅಂಗಳದಲ್ಲಿ ಹೆಂಗಸರೆಲ್ಲ ಸೇರಿದ್ದೆವು. ಮೈಕ್ ಇಲ್ಲ, ಬ್ಯಾನರ್ ಇಲ್ಲ. "ಆಯಿ ಹೇಳಿದ್ದು ಸರಿ ಇತ್ತು. ನಾವು ಕೇಳಲಿಲ್ಲ. ತಪ್ಪು ನಮ್ಮದು" ಎಂದರು. ಅಷ್ಟು ಓದಿದವರು ನಮ್ಮ ಅಂಗಳದಲ್ಲಿ ನಿಂತು ಹಾಗೆ ಹೇಳಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅತ್ತೆ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಅವರಿಗೆ ಎಳನೀರು ತಂದುಕೊಟ್ಟರು. ಮುಂದಿನ ಮಳೆಗಾಲದಲ್ಲಿ ಕಟ್ಟೆ ಬದಿಗೆ, ಅತ್ತೆ ಕಡ್ಡಿ ನೆಟ್ಟು ಗುರುತು ಮಾಡಿದ ಕಡೆ ಹಾಕಿದರು. ಅವು ಈಗ ನನ್ನ ಮೊಣಕಾಲಿನ ಮೇಲೆ ಬಂದಿವೆ.

ದುಡ್ಡಿನ ವಿಷಯಕ್ಕೆ ಅರ್ಧ ಸ್ಟಾರ್ ಕಟ್. ಭಾವನವರ ಪಾತಿ ದೋಣಿಯ ಬಾಡಿಗೆ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಜಿಎಸ್‌ಟಿ ಬಿಲ್ ಬೇಕಂತೆ. ಪಾತಿ ದೋಣಿಗೆ ಎಂತ ಜಿಎಸ್‌ಟಿ? ಕೊನೆಗೆ ಬಿಳಿ ಕಾಗದದಲ್ಲಿ ಬರೆದು, ರೆವಿನ್ಯೂ ಸ್ಟಾಂಪ್ ಅಂಟಿಸಿ, ಪ್ಯಾನ್ ಕಾರ್ಡಿನ ಜೆರಾಕ್ಸ್ ಮೂರು ಸಲ ಕಳಿಸಿ ಆಯಿತು. ಆ ಹುಡುಗಿ ತನ್ನ ಸ್ಕಾಲರ್‌ಶಿಪ್ಪಿನಿಂದ ಡೀಸೆಲ್ ಹಾಕಿಸಿದ್ದೂ ಇದೆಯಂತೆ. ಭಾವನವರು ಆಮೇಲೆ ಗೊತ್ತಾಗಿ ಬೇಸರ ಮಾಡಿಕೊಂಡರು.

ನಡುವೆ 2024ರ ಜನವರಿ ಕೊನೆಗೆ ನಮ್ಮ ಅಳಿವೆ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. 4,801 ಹೆಕ್ಟೇರ್ ಎಂದು ಪೇಪರಿನಲ್ಲಿ ಬಂತು. ಗದಗ ಕಡೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರದ ಹೆಸರೂ ಜೊತೆಗಿತ್ತು. ಖುಷಿಯಾಗಬೇಕಿತ್ತು, ಊರಿನಲ್ಲಿ ಹೆದರಿಕೆ ಹಬ್ಬಿತು. "ಇನ್ನು ಹೊಳೆಗೆ ಇಳಿಯೂ ಹಾಂಗಿಲ್ಲವಂತೆ. ಬಳಚು ತೆಗೆದ್ರೆ ಕೇಸಂತೆ." ಸಂತೆಯಲ್ಲಿ ಕೇಳಿದವರು ಮನೆಗೆ ಬರುವಷ್ಟರಲ್ಲಿ ಅದಕ್ಕೆ ದಂಡದ ಮೊತ್ತವೂ ಸೇರಿತ್ತು.

ಮೇಡಂ ಆಗ ಬಂದು ಕೂತು ಬಿಡಿಸಿ ಹೇಳಿದರು. ರಾಮ್ಸಾರ್ ಎನ್ನುವುದು ಇರಾನಿನ ಒಂದು ಊರು, 1971ರ ಫೆಬ್ರವರಿ 2ರಂದು ಅಲ್ಲಿ ಆದ ಒಪ್ಪಂದ, ಅದಕ್ಕೇ ಆ ದಿನ ಜೌಗುಭೂಮಿ ದಿನ. ಅದರಲ್ಲಿ ಜನರನ್ನು ಓಡಿಸಿ ಎಂದಿಲ್ಲ, ನೋಡಿಕೊಂಡು ಬಳಸಿ ಎಂದಿದೆ. "ಆದರೆ ಇಲ್ಲಿ ನಿಯಮ ಮಾಡುವವರು ನಾನಲ್ಲ, ಸರ್ಕಾರ. ಮಾಡುವಾಗ ನೀವು ಸಭೆಯಲ್ಲಿ ಇರಬೇಕು" ಎಂದೂ ಸೇರಿಸಿದರು. ಗೊತ್ತಿಲ್ಲದ್ದಕ್ಕೆ ಭರವಸೆ ಕೊಡಲಿಲ್ಲ. ನನಗೆ ಅದು ಹಿಡಿಸಿತು.

ಆಮೇಲೆ ನಮ್ಮ ಆರು ಜನ ಹೆಂಗಸರನ್ನು ಕೇರಳದ ಕೊಲ್ಲಂಗೆ ಕರೆದುಕೊಂಡು ಹೋದರು, ಅಷ್ಟಮುಡಿ ಹಿನ್ನೀರು ನೋಡಲು. ಅಲ್ಲಿಯೂ ನಮ್ಮದೇ ಜಾತಿಯ ಬಳಚು. ಹಿಂದೆ ಯದ್ವಾತದ್ವಾ ತೆಗೆದು ಕಡಿಮೆಯಾಗಿತ್ತಂತೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅಲ್ಲಿಯವರ ಜೊತೆ ಕೂತು ನಿಯಮ ಮಾಡಿದರು. ಡಿಸೆಂಬರಿನಿಂದ ಫೆಬ್ರವರಿವರೆಗೆ, ಮರಿ ಮಾಡುವ ಕಾಲ, ಯಾರೂ ಮುಟ್ಟುವ ಹಾಗಿಲ್ಲ. ಬಲೆಯ ಕಣ್ಣು ಇಷ್ಟಕ್ಕಿಂತ ಸಣ್ಣ ಇರುವ ಹಾಗಿಲ್ಲ. 2014ರಲ್ಲಿ ಅವರಿಗೆ, ಕಡಲಿನ ಮೀನು ಮುಗಿಯದ ಹಾಗೆ ಹಿಡಿಯುವವರಿಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆ ಕೊಡುವ ಎಂಎಸ್‌ಸಿ ಸರ್ಟಿಫಿಕೇಟ್ ಸಿಕ್ಕಿತು. ಭಾರತದಲ್ಲಿ ಅದು ಸಿಕ್ಕ ಮೊದಲ ಮೀನುಗಾರಿಕೆ ಅದೇ.

ಅತ್ತೆಗೆ ರೈಲಿನಲ್ಲಿ ವಾಂತಿ. ಅಲ್ಲಿ ಇಳಿದ ಮೇಲೆ ಸರಿಯಾದರು. ದಡದಲ್ಲಿ ಕೂತು ಬೇಯಿಸಿದ ಬಳಚು ಬಿಡಿಸುತ್ತಿದ್ದ ಅವರ ವಯಸ್ಸಿನ ಒಬ್ಬರ ಪಕ್ಕ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. ಇವರಿಗೆ ಮಲೆಯಾಳ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಅವರು ಒಂದನ್ನು ಎತ್ತಿ ತೋರಿಸಿ "ಕಕ್ಕ" ಎಂದರು. ಅತ್ತೆ "ಬಳಚು" ಎಂದರು. ಆಮೇಲೆ ಅತ್ತೆಯೂ ಬಿಡಿಸತೊಡಗಿದರು. ಅರ್ಧ ಗಂಟೆ ಇಬ್ಬರೂ ತಲೆ ಎತ್ತಲಿಲ್ಲ. ಅಧಿಕಾರಿಗಳ ಭಾಷಣ ನಮಗೆ ಅರ್ಥವಾಗಲಿಲ್ಲ, ಅದನ್ನು ಕನ್ನಡದಲ್ಲಿ ಹೇಳುವವರನ್ನು ಕರೆಯಬಹುದಿತ್ತು. ಇದು ತಂಡದವರಿಗೆ ಹೇಳುವ ಮಾತು. ಊಟಕ್ಕೆ ಮಾತ್ರ ಏನೂ ಕಡಿಮೆ ಮಾಡಲಿಲ್ಲ.

ಬಂದ ಮೇಲೆ ಅತ್ತೆಯದ್ದೇ ಯೋಚನೆ. ನಮ್ಮಲ್ಲಿ ಮೂರು ತಿಂಗಳು ಪೂರ್ತಿ ನಿಲ್ಲಿಸಿದರೆ ಒಲೆ ಉರಿಯುವುದಿಲ್ಲ. ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೆ 61 ದಿನ ಹೇಗೂ ಬಂದ್, ಗಂಡಸರ ದುಡಿಮೆ ಇರುವುದಿಲ್ಲ. ಹಾಗಾಗಿ ನಮ್ಮ ಕೇರಿಯ ಹೆಂಗಸರು ಬೇರೆ ಲೆಕ್ಕ ಹಾಕಿದೆವು. ಅಳಿವೆಯ ಬಾಯಿ ಹತ್ತಿರದ ಒಂದು ದಂಡೆಯನ್ನು ಮಳೆ ಮುಗಿದ ಮೇಲೂ ದೀಪಾವಳಿವರೆಗೆ ಮುಟ್ಟುವುದಿಲ್ಲ, ಬೀಜಕ್ಕೆ ಬಿಡುವುದು. ಬುಟ್ಟಿಯ ಜೊತೆ ಒಂದು ಅಗಲ ಕಣ್ಣಿನ ಜರಡಿ, ಅದರಲ್ಲಿ ಬಿದ್ದ ಸಣ್ಣದು ಅಲ್ಲೇ ವಾಪಸ್. ಎಲ್ಲರೂ ಕೇಳುತ್ತಾರೆ ಎಂದಲ್ಲ. ಪಕ್ಕದ ಕೇರಿಯವರು ರಾತ್ರಿ ಬಂದು ಬಾಚಿಕೊಂಡು ಹೋದದ್ದಿದೆ, ಜಗಳವೂ ಆಗಿದೆ. ಆದರೂ ಎರಡು ವರ್ಷ ನಡೆಯಿತು.

ವರದಿಯ ಕತೆ ಹೇಳಿಬಿಡುತ್ತೇನೆ. ಮೊದಲ ವರ್ಷದ್ದು ವಾಟ್ಸಾಪಿನಲ್ಲಿ ಬಂತು. 86 ಪುಟ, ಪೂರ್ತಿ ಇಂಗ್ಲಿಷ್. ಮಗ ಓದಿ ಹೇಳಿದ. ನಮ್ಮ ಹೋಟೆಲಿನ ಹಿಂದಿನ ಹೊಳೆ ಅದರಲ್ಲಿ "ಸ್ಥಳ 7". ಅತ್ತೆ "ಆರ್-23". ಎಪ್ಪತ್ತು ದಾಟಿದವರು, ಹೊಳೆಯ ಒಂದೊಂದು ಗುಂಡಿ ಗೊತ್ತಿರುವವರು, ಒಂದು ನಂಬರು. ಹೆಸರು ಗುಟ್ಟಾಗಿಡುವುದು ಅವರ ನಿಯಮವಂತೆ. ನಾನು ಕೇಳಿದೆ, "ಗುಟ್ಟು ಯಾರಿಗೆ ಬೇಕು ಮೇಡಂ? ಅತ್ತೆಯನ್ನು ಕೇಳಿದ್ರಾ?" ಕೇಳಿರಲಿಲ್ಲ. ಎರಡನೇ ವರ್ಷ ಕೇಳಿದರು. ಅತ್ತೆ ಹೆಸರು ಹಾಕಿ ಎಂದರು. ಹಾಕಿದರು.

ಎರಡನೇ ವರ್ಷದ್ದು ಕನ್ನಡದಲ್ಲಿ ಬಂತು. ಬಾಗಿಲಿನಷ್ಟು ದೊಡ್ಡ ಒಂದು ಚಾರ್ಟ್. ಹೊಳೆಯ ನಕ್ಷೆ, ಯಾವ ದಂಡೆಯಲ್ಲಿ ಯಾವ ತಿಂಗಳು ಉಪ್ಪು ಎಷ್ಟು, ಬಳಚು ಎಷ್ಟು. ಉಪ್ಪಿನ ಗೆರೆ ಮೇಲೆ ಹೋದಾಗ ಬಳಚಿನ ಚಿತ್ರ ಜಾಸ್ತಿ, ಕೆಳಗೆ ಬಂದಾಗ ಕಡಿಮೆ. ಸ್ಥಿತಿಸ್ಥಾಪಕತ್ವ ಹೋಗಿ "ತಡೆದುಕೊಳ್ಳುವ ಶಕ್ತಿ" ಎಂದಾಗಿತ್ತು. ಅದನ್ನು ನಮ್ಮ ಹೋಟೆಲಿನಲ್ಲಿ ಕೈ ತೊಳೆಯುವ ಜಾಗದ ಪಕ್ಕ ಹಾಕಿದ್ದೇವೆ. ಗಿರಾಕಿಗಳು ಕೈ ಒರೆಸುತ್ತಾ ಓದುತ್ತಾರೆ. ಅತ್ತೆ ಒಂದು ತಪ್ಪು ಹುಡುಕಿದರು. ಎರಡು ದಂಡೆಗಳ ಹೆಸರು ಅದಲು ಬದಲಾಗಿದೆ. ಪೆನ್ನಿನಲ್ಲಿ ತಿದ್ದಿದ್ದೇವೆ.

ಯೋಜನೆ 2025ರಲ್ಲಿ ಮುಗಿಯಿತು. ಹಾವೇರಿಯ ಹುಡುಗಿ ಥೀಸಿಸ್ ಬರೆಯಲು ಹೋದಳು. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ, ಉಪ್ಪಿನ ಅಂಕಿ ಕೇಳುತ್ತಾಳೆ, ಆಮೇಲೆ ಬಂಗುಡೆ ರೇಟು ಕೇಳುತ್ತಾಳೆ. ಅವಳು ಹೋದ ಎರಡೇ ತಿಂಗಳಿಗೆ ಇನ್ನೊಂದು ಕಡೆಯವರು ಬಂದರು. ಬೇರೆ ಜೀಪು, ಬೇರೆ ಬ್ಯಾನರ್. ಟೇಬಲ್ಲಿನ ಮೇಲೆ ಒಂದು ಕಟ್ಟು ಕಾಗದ ಇಟ್ಟರು. ಮನೆಯಲ್ಲಿ ಎಷ್ಟು ಜನ, ಎಷ್ಟು ಆಡು. ಒಂದು ಕಡೆ ಮತ್ತೆ ಅದೇ ರಬ್ಬರು. ನಾನು ಅವರನ್ನು ಎಬ್ಬಿಸಿ ಕೈ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದೆ. "ಮೊದಲು ಇದನ್ನು ಓದಿ ಬನ್ನಿ. ಇದರಲ್ಲಿ ಇಲ್ಲದ್ದು ಏನಾದರೂ ಇದ್ದರೆ ಕೇಳಿ" ಎಂದೆ. ಇಬ್ಬರು ಓದಿದರು. ಒಬ್ಬರು ಫೋಟೋ ತೆಗೆದುಕೊಂಡು ಹೋದರು.

ಲೆಕ್ಕ ಹೀಗೆ. ಹುಡುಗಿಗೆ ಒಂದು, ಭರಣಿಗೆ ಒಂದು, ಅಂಗಳದಲ್ಲಿ ನಿಂತು ತಪ್ಪು ಒಪ್ಪಿದ್ದಕ್ಕೆ ಒಂದು, ಕನ್ನಡದ ಚಾರ್ಟಿಗೆ ಒಂದು. ದೋಣಿ ಬಾಡಿಗೆಗೆ ಅರ್ಧ ಕಟ್. ಐದನೆಯದು ಆ 400 ಕಾಂಡ್ಲಾದ ಜೊತೆ ಹೊಳೆಗೆ ಹೋಯಿತು. ಅತ್ತೆಯನ್ನು ಕೇಳಿದರೆ ಅವರು ಐದಕ್ಕೆ ಐದು ಕೊಡುತ್ತಾರೆ. ಕೊಲ್ಲಂನ ಆ ಹೆಂಗಸಿನ ಫೋಟೋ ಅವರ ದೇವರ ಗೂಡಿನ ಪಕ್ಕ ಇದೆ.

ಇನ್ನು ಬರುವವರಿಗೆ: ಇಳಿತದ ಹೊತ್ತು ನೋಡಿಕೊಂಡು ಬನ್ನಿ, ಬೂಟು ಬೇಡ, ಕೆಸರಿನಲ್ಲಿ ಅದು ಅಲ್ಲೇ ಉಳಿಯುತ್ತದೆ. ಉಪ್ಪಿನ ಕೊಳವೆ ಈಗಲೂ ನನ್ನ ಹತ್ತಿರ ಇದೆ, ಸಾಂಬಾರ್ ಡಬ್ಬಿಗಳ ಹಿಂದೆ. ಇವತ್ತು ಬೆಳಗಿನ ಭರತಕ್ಕೆ 27. ಸೋಮವಾರ ಹೋಟೆಲ್ ರಜೆ. ಫ್ಯಾನ್ ರಿಪೇರಿಗೆ ಕೊಟ್ಟಿದ್ದೇನೆ.